ಸಂಶಯ ಬಂದವರು ಮೊದಲು ನೋಡಿಕೊಳ್ಳಬೇಕಾದ್ದು

ಪಾಸ್ಖ (ಈಸ್ಟರ್) ಹಬ್ಬದ ಮುಂದಿನ ಭಾನುವಾರ ಕಥೋಲಿಕ ದೇವಾಲಯಗಳಲ್ಲಿ ಓದುವ ಶುಭಸಂದೇಶ ಯಾವ ವರ್ಷವೂ ಬದಲಾಗುವುದಿಲ್ಲ. ಸಂತ ಯೊವಾನ್ನರ 20ನೇ ಅಧ್ಯಾಯ, ತೋಮನ ಪ್ರಸಂಗ. ಯೇಸು ಸತ್ತು ಮತ್ತೆ ಎದ್ದುಬಂದರೆಂಬುದನ್ನು, ಮೊಳೆಯ ಗಾಯ ಕಂಡು ಅದರಲ್ಲಿ ಬೆರಳಿಡದ ಹೊರತು ನಂಬಲಾರೆ ಎಂದ ಶಿಷ್ಯನ ಕಥೆ ಅದು. 1949ರಲ್ಲಿ ಸ್ಥಾಪನೆಯಾದ ಬಳ್ಳಾರಿ ಧರ್ಮಕ್ಷೇತ್ರದೊಳಗೆ (ಡಯೋಸಿಸ್) ಬಳ್ಳಾರಿ, ರಾಯಚೂರು, ಕೊಪ್ಪಳ ಸೀಮೆಯ ಕಥೋಲಿಕರು ಬರುತ್ತಾರೆ. ಮುದಗಲ್ಲಿನಲ್ಲಿ ತಲೆತಲಾಂತರದಿಂದ ಜಪಸರ ಹಿಡಿದ ಮನೆಗಳಿವೆ. ತೋರಣಗಲ್ಲಿನ ಕಡೆ ಕಾರ್ಖಾನೆ ಕೆಲಸಕ್ಕೆಂದು ಬಂದು ನಿಂತ ಕುಟುಂಬಗಳಿವೆ. ತೋಮನ ಪ್ರಸಂಗ ಕೇಳಿದಾಗ ಇಬ್ಬರ ಮನಸ್ಸಿನಲ್ಲೂ ಏಳಬಹುದಾದ ಪ್ರಶ್ನೆ ಒಂದೇ: ನನಗೂ ಹಾಗೇ ಅನ್ನಿಸುತ್ತದಲ್ಲ, ಇದು ಪಾಪವೇ? ಇದರಿಂದ ಹೊರಗೆ ಬರುವುದು ಹೇಗೆ?

ಉತ್ತರ ಒಂದು ಸಾಲಿನಲ್ಲಿ ಮುಗಿಯುವುದಿಲ್ಲ. ಸಂಶಯ ಎಂದು ನಾವು ಕರೆಯುವುದರೊಳಗೆ ನಾಲ್ಕೈದು ಬೇರೆ ಬೇರೆ ಸ್ಥಿತಿಗಳು ಸೇರಿಕೊಂಡಿವೆ, ಒಂದಕ್ಕೆ ಹೇಳಿದ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ. ಕಥೋಲಿಕ ಸಂಪ್ರದಾಯ ಈ ವಿಂಗಡಣೆಯನ್ನು ಶತಮಾನಗಳಿಂದ ಮಾಡಿಕೊಂಡು ಬಂದಿದೆ. ಭಾನುವಾರದ ಪ್ರಬೋಧನೆಯ ಹತ್ತು ನಿಮಿಷದಲ್ಲಿ ಅದನ್ನೆಲ್ಲ ಬಿಡಿಸಿ ಹೇಳಲು ಆಗುವುದಿಲ್ಲ, ಅಷ್ಟೇ.

ವಿಶ್ವಾಸ ಎಂದರೆ ಏನು?

ಮೊದಲು ತಪ್ಪು ಲೆಕ್ಕವೊಂದನ್ನು ತೆಗೆದುಹಾಕಬೇಕು. ಬಲಿಪೂಜೆಯಲ್ಲಿ (ಮಾಸ್) ಮೈ ಜುಮ್ಮೆನ್ನುವುದು, ಹಾಡು ಕೇಳಿ ಕಣ್ಣು ತುಂಬುವುದು ವಿಶ್ವಾಸವಲ್ಲ. ಅದು ಭಾವನೆ. ಬಂದರೆ ಒಳ್ಳೆಯದು, ಬಾರದಿದ್ದರೆ ವಿಶ್ವಾಸ ಹೋಯಿತೆಂದು ಅರ್ಥವಲ್ಲ. ಹಾಗೆಯೇ ಗಣಿತದ ಪ್ರಮೇಯದಂತೆ ಸಾಬೀತಾದ ಮೇಲೆ ಒಪ್ಪಿಕೊಳ್ಳುವುದೂ ವಿಶ್ವಾಸವಲ್ಲ. ಸಾಬೀತಾದದ್ದನ್ನು ಒಪ್ಪಲು ಯಾರನ್ನೂ ನಂಬಬೇಕಾಗಿಲ್ಲ.

1992ರಲ್ಲಿ ಪ್ರಕಟವಾದ, ಕಥೋಲಿಕ ಧರ್ಮಸಭೆಯ ಬೋಧನೆಯ ಅಧಿಕೃತ ಸಂಗ್ರಹವಾದ ಧರ್ಮೋಪದೇಶ ಗ್ರಂಥ ದೈವಶಾಸ್ತ್ರಜ್ಞ ಸಂತ ಥಾಮಸ್ ಅಕ್ವಿನಾಸರ ಮಾತನ್ನೇ ಎತ್ತಿಕೊಳ್ಳುತ್ತದೆ. ಅದರ ಪ್ರಕಾರ ವಿಶ್ವಾಸದಲ್ಲಿ ಮೂರು ಭಾಗಗಳಿವೆ. ಬುದ್ಧಿ ದೇವರು ತಿಳಿಸಿದ್ದನ್ನು ನಿಜವೆಂದು ಒಪ್ಪುತ್ತದೆ. ಹಾಗೆ ಒಪ್ಪುವಂತೆ ಬುದ್ಧಿಗೆ ಹೇಳುವುದು ನಮ್ಮ ಸಂಕಲ್ಪ. ಸಂಕಲ್ಪವನ್ನು ಒಳಗಿನಿಂದ ಎಬ್ಬಿಸುವುದು ದೇವರ ವರಪ್ರಸಾದ, ಎಂದರೆ ಕೃಪೆ.

ಈ ಮೂರರಲ್ಲಿ ಯಾವುದನ್ನು ಕಡೆಗಣಿಸಿದರೂ ಕೆಡುತ್ತದೆ. ಬುದ್ಧಿಯನ್ನು ಬಿಟ್ಟರೆ ಉಳಿಯುವುದು ಕುರುಡು ನಂಬಿಕೆ. ಬಿಷಪರೆಲ್ಲ ಸೇರಿದ 1870ರ ಮೊದಲನೆಯ ವ್ಯಾಟಿಕನ್ ಮಹಾಸಭೆಯೇ ವಿಶ್ವಾಸದ ಒಪ್ಪಿಗೆ ಕುರುಡು ಕ್ರಿಯೆಯಲ್ಲ ಎಂದು ಹೇಳಿದೆ. ಸಂಕಲ್ಪವನ್ನು ಬಿಟ್ಟರೆ ಹತ್ತು ಪುಸ್ತಕ ಓದಿದರೂ ಮನುಷ್ಯ ಹೊಸ್ತಿಲಲ್ಲೇ ನಿಂತಿರುತ್ತಾನೆ. ವರಪ್ರಸಾದವನ್ನು ಬಿಟ್ಟರೆ ವಿಶ್ವಾಸವೆಂಬುದು ಹಲ್ಲುಕಚ್ಚಿ ಮಾಡುವ ಕಸರತ್ತಾಗುತ್ತದೆ, ಆರು ತಿಂಗಳಲ್ಲಿ ಸುಸ್ತಾಗುತ್ತದೆ. ಆದ್ದರಿಂದ ಸಂಶಯದಿಂದ ವಿಶ್ವಾಸದ ಕಡೆಗೆ ನಡೆಯುವವರಿಗೆ ಮೂರು ಕೆಲಸಗಳಿವೆ: ತಿಳಿದುಕೊಳ್ಳುವುದು, ನಿರ್ಧರಿಸುವುದು, ಬೇಡುವುದು. ಮಾರ್ಕರ ಶುಭಸಂದೇಶದ 9ನೇ ಅಧ್ಯಾಯದಲ್ಲಿ ಮಗನ ಕಾಯಿಲೆಗಾಗಿ ಬಂದ ತಂದೆ ನಂಬುತ್ತೇನೆ ಎನ್ನುತ್ತಾನೆ, ಅದೇ ಉಸಿರಿನಲ್ಲಿ ನನ್ನ ಅಪನಂಬಿಕೆಗೆ ನೆರವಾಗು ಎಂದೂ ಕೇಳುತ್ತಾನೆ. ಯೇಸು ಅವನನ್ನು ಪೂರ್ತಿ ನಂಬಿದ ಮೇಲೆ ಬಾ ಎಂದು ಹಿಂದಕ್ಕೆ ಕಳಿಸುವುದಿಲ್ಲ.

ಯಾವ ತರಹದ ಸಂಶಯ?

ರಾಯಚೂರಿನಲ್ಲಿ ಇಂಜಿನಿಯರಿಂಗ್ ಓದುವ ಹುಡುಗಿಯೊಬ್ಬಳಿಗೆ, ಬೈಬಲ್ಲಿನ ಆರು ದಿನದ ಸೃಷ್ಟಿಗೂ ಪಠ್ಯಪುಸ್ತಕದ ಕೋಟಿಗಟ್ಟಲೆ ವರ್ಷಗಳಿಗೂ ಹೇಗೆ ತಾಳೆಯಾಗುತ್ತದೆ ಎಂಬ ಪ್ರಶ್ನೆ ಬಂತು ಎಂದುಕೊಳ್ಳಿ. ಇದು ಸಂಶಯವಲ್ಲ, ತೊಡಕು. 1845ರಲ್ಲಿ ಕಥೋಲಿಕ ಧರ್ಮಸಭೆಗೆ ಸೇರಿದ ಇಂಗ್ಲೆಂಡಿನ ಜಾನ್ ಹೆನ್ರಿ ನ್ಯೂಮನ್, ಹತ್ತು ಸಾವಿರ ತೊಡಕುಗಳು ಸೇರಿದರೂ ಒಂದು ಸಂಶಯವಾಗುವುದಿಲ್ಲ ಎಂದು ಬರೆದರು. ಧರ್ಮೋಪದೇಶ ಗ್ರಂಥ ಆ ಮಾತನ್ನು ತನ್ನದಾಗಿಸಿಕೊಂಡಿದೆ. ಒಂದು ಸಂಗತಿ ಹೇಗೆಂದು ಅರ್ಥವಾಗದಿರುವುದು ಬೇರೆ, ಅದು ನಿಜವಲ್ಲ ಎಂದು ತೀರ್ಮಾನಿಸುವುದು ಬೇರೆ.

ಎರಡನೆಯದು ತಾನಾಗಿ ಬರುವ ಸಂಶಯ. ಗಂಗಾವತಿಯ ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೆಯುವವನು, ಕ್ರಿಸ್ತನ ಶರೀರವೆಂದು ನಂಬುವ ಪರಮಪ್ರಸಾದದ ಸಾಲಿನಲ್ಲಿ ನಿಂತಿದ್ದಾನೆ. ಇದು ಬರೀ ರೊಟ್ಟಿಯೇ ಆಗಿದ್ದರೆ ಎಂಬ ಯೋಚನೆ ಕರೆಯದೆ ಬರುತ್ತದೆ. ಅವನು ಅದನ್ನು ಬಯಸಲಿಲ್ಲ, ಒಪ್ಪಿಕೊಂಡೂ ಇಲ್ಲ. ಒಪ್ಪಿಗೆಯಿಲ್ಲದೆ ಹಾದುಹೋದ ಯೋಚನೆ ಪಾಪವಲ್ಲ. ಅದನ್ನೇ ಬೇಕೆಂದು ಪೋಷಿಸುತ್ತಾ ಕೂತರೆ ಮಾತ್ರ ವಿಶ್ವಾಸ ಮಂಕಾಗಬಹುದು ಎಂದು ಧರ್ಮೋಪದೇಶ ಎಚ್ಚರಿಸುತ್ತದೆ.

ಮೂರನೆಯದು ಉದ್ದೇಶಪೂರ್ವಕ ಸಂಶಯ. ದೇವರು ತಿಳಿಸಿದ್ದನ್ನು, ಧರ್ಮಸಭೆ ಬೋಧಿಸುವುದನ್ನು ನಿಜವೆಂದು ಹಿಡಿಯಲು ನಿರಾಕರಿಸುವುದು ಅಥವಾ ಅಸಡ್ಡೆ ಮಾಡುವುದು. ಗುರುಗಳ ಮುಂದೆ ಪಾಪ ಒಪ್ಪಿಕೊಳ್ಳುವ ಪಾಪನಿವೇದನೆಯಲ್ಲಿ ಹೇಳಬೇಕಾದದ್ದು ಇದು. ಇದರ ಹಿಂದೆ ಕೆಲವೊಮ್ಮೆ ಬೇರೆಯದೇ ಕಾರಣ ಇರುತ್ತದೆ. ಬಡ್ಡಿ ವ್ಯವಹಾರವನ್ನೋ ಮುಚ್ಚಿಟ್ಟ ಸಂಬಂಧವನ್ನೋ ಬಿಡಲು ಮನಸ್ಸಿಲ್ಲದಾಗ, ಅದನ್ನು ಬಿಡು ಎನ್ನುವ ಬೋಧನೆಯೇ ಸುಳ್ಳಿರಬಹುದು ಎನ್ನಿಸುವುದು ಸುಲಭ. ಈ ಸಂಶಯ ಯಾವ ತಿಂಗಳು ಶುರುವಾಯಿತು, ಆಗ ನನ್ನ ಬದುಕಿನಲ್ಲಿ ಏನು ನಡೆದಿತ್ತು ಎಂದು ಕೇಳಿಕೊಂಡರೆ ಬಹಳಷ್ಟು ಬಯಲಾಗುತ್ತದೆ.

ನಾಲ್ಕನೆಯದು ನೋವು. ಮನೆಯಲ್ಲಿ ಸಾವಾಗಿದೆ, ಪ್ರಾರ್ಥಿಸಿದರೂ ಮಗು ಉಳಿಯಲಿಲ್ಲ. ಬಾಯಲ್ಲಿ ಬರುವುದು ದೇವರಿದ್ದಾನಾ ಎಂಬ ಮಾತು, ಒಳಗಿರುವುದು ಸಂಕಟ. ಐದನೆಯದು ಬರಡುತನ: ನಂಬಿಕೆ ಇದೆ, ಪ್ರಾರ್ಥನೆಯಲ್ಲಿ ರುಚಿ ಇಲ್ಲ. ಈ ಐದನೆಯದನ್ನೇ ಬಹಳ ಜನ ವಿಶ್ವಾಸ ಕಳೆದುಕೊಂಡೆವೆಂದು ತಪ್ಪು ತಿಳಿಯುತ್ತಾರೆ. ಅದಕ್ಕೇ ಅದನ್ನು ಮುಂದೆ ಬೇರೆಯಾಗಿ ನೋಡೋಣ.

ತೊಡಕುಗಳನ್ನು ಬಿಡಿಸುವುದು

ತೊಡಕಿಗೆ ಬೇಕಾದ್ದು ಮಾಹಿತಿ. ಹೆಚ್ಚು ಪ್ರಾರ್ಥಿಸು ಎಂದು ಹೇಳಿ ಕಳಿಸಿದರೆ ಆ ಹುಡುಗಿಗೆ ಅನ್ಯಾಯವಾಗುತ್ತದೆ. ಪ್ರಶ್ನೆಯನ್ನು ಒಂದು ವಾಕ್ಯದಲ್ಲಿ ಬರೆಯಿಸಬೇಕು. ಧರ್ಮವೆಲ್ಲ ಸುಳ್ಳು ಎನ್ನುವುದು ಪ್ರಶ್ನೆಯಲ್ಲ, ಅದಕ್ಕೆ ಉತ್ತರ ಹುಡುಕಲು ಬರುವುದಿಲ್ಲ. ಸೃಷ್ಟಿಯ ಆರು ದಿನಗಳನ್ನು ಅಕ್ಷರಶಃ ನಂಬಲೇಬೇಕೇ ಎಂಬುದು ಪ್ರಶ್ನೆ, ಅದಕ್ಕೆ ಉತ್ತರವಿದೆ.

ಇಲ್ಲ, ನಂಬಬೇಕಾಗಿಲ್ಲ. ಪವಿತ್ರ ಗ್ರಂಥವನ್ನು ಓದುವಾಗ ಬರೆದವರ ಉದ್ದೇಶ, ಬರವಣಿಗೆಯ ಪ್ರಕಾರ ಎರಡನ್ನೂ ಗಮನಿಸಬೇಕೆಂದು 1965ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ ಹೇಳಿತು. ಮನುಷ್ಯ ದೇಹದ ವಿಕಾಸವನ್ನು ಕುರಿತು ಸಂಶೋಧನೆ, ಚರ್ಚೆ ನಡೆಸಲು ಪೋಪ್ 12ನೇ ಪಿಯೂಸ್ 1950ರಲ್ಲೇ ಅಡ್ಡಿಯಿಲ್ಲ ಎಂದಿದ್ದರು. ಆತ್ಮವನ್ನು ದೇವರೇ ನೇರವಾಗಿ ಸೃಷ್ಟಿಸುತ್ತಾನೆ ಎಂಬುದನ್ನು ಮಾತ್ರ ಬಿಟ್ಟುಕೊಡಲಿಲ್ಲ. ವಿಶ್ವ ಹಿಗ್ಗುತ್ತಿದೆ ಎಂದು 1927ರಲ್ಲಿ ಲೆಕ್ಕಹಾಕಿ ಬರೆದ ಜಾರ್ಜ್ ಲೆಮೆತ್ರ್ ಬೆಲ್ಜಿಯಂನ ಕಥೋಲಿಕ ಗುರು. ಕಾಲೇಜಿನ ಗೋಷ್ಠಿಗಳಲ್ಲಿ ಈ ಹೆಸರು ಕೇಳಿಬರದಿರುವುದು ಸೋಜಿಗ.

ನಮ್ಮ ಸೀಮೆಯಲ್ಲಿ ಇನ್ನೊಂದು ತೊಡಕು ಸಹಜವಾಗಿ ಬರುತ್ತದೆ. ಗೆಳತಿ ಕೊಪ್ಪಳದ ಗವಿಮಠದ ಜಾತ್ರೆಗೆ ಭಕ್ತಿಯಿಂದ ಹೋಗುತ್ತಾಳೆ, ಪಕ್ಕದ ಮನೆಯವರು ಮುದಗಲ್ಲಿನ ಮೊಹರಂ ತಪ್ಪಿಸುವುದಿಲ್ಲ, ಎಲ್ಲರೂ ಒಳ್ಳೆಯವರೇ. ಹಾಗಾದರೆ ನಮ್ಮದಷ್ಟೇ ನಿಜ ಎನ್ನುವುದು ಹೇಗೆ? ಅಕ್ಟೋಬರ್ 28, 1965ರಂದು ಹೊರಬಿದ್ದ ಮಹಾಸಭೆಯ ಘೋಷಣೆ ಇಲ್ಲಿ ಸ್ಪಷ್ಟವಾಗಿದೆ. ಇತರ ಧರ್ಮಗಳಲ್ಲಿ ಸತ್ಯವೂ ಪವಿತ್ರವೂ ಆದದ್ದನ್ನು ಧರ್ಮಸಭೆ ತಿರಸ್ಕರಿಸುವುದಿಲ್ಲ. ಅದೇ ಹೊತ್ತಿಗೆ ಕ್ರಿಸ್ತನೇ ಮಾರ್ಗ, ಸತ್ಯ, ಜೀವ ಎಂದು ಸಾರುವುದನ್ನೂ ಬಿಡುವುದಿಲ್ಲ. ಗೆಳತಿಯ ಭಕ್ತಿಯನ್ನು ಗೌರವಿಸುವುದರಿಂದ ತನ್ನ ವಿಶ್ವಾಸಕ್ಕೆ ಕುಂದು ಬರುತ್ತದೆಂದು ಹೆದರಬೇಕಾಗಿಲ್ಲ.

ಗುರುಗಳೊಬ್ಬರ ನಡತೆ ಕಂಡು ಮನಸ್ಸು ಮುರಿದವರಿಗೆ ಗೊತ್ತಿರಬೇಕಾದ್ದು: ದೀಕ್ಷಾಸ್ನಾನ, ಪರಮಪ್ರಸಾದದಂಥ ಸಂಸ್ಕಾರಗಳ ಬಲ ಅವನ್ನು ನೆರವೇರಿಸುವವರ ಪುಣ್ಯದ ಮೇಲೆ ನಿಂತಿಲ್ಲ. ಈ ಜಗಳವನ್ನು ಸಂತ ಅಗಸ್ಟೀನರು ಉತ್ತರ ಆಫ್ರಿಕಾದಲ್ಲಿ, ತಪ್ಪಿತಸ್ಥ ಗುರುಗಳು ಕೊಟ್ಟ ಸಂಸ್ಕಾರ ಸಲ್ಲದು ಎನ್ನುತ್ತಿದ್ದ ಡೊನಾಟಿಸ್ಟರ ಜೊತೆ ಆಡಿ ಮುಗಿಸಿದ್ದಾರೆ. ಅಪರಾಧ ನಡೆದಿದ್ದರೆ ಅದರ ಬಗ್ಗೆ ದೂರು ಕೊಡುವುದು ಬೇರೆ ಕರ್ತವ್ಯ, ಅದನ್ನು ಇದರೊಂದಿಗೆ ಬೆರೆಸಬಾರದು.

ನೋವಿನಿಂದ ಬಂದ ಪ್ರಶ್ನೆಗೆ ಮಾತ್ರ ಈ ವಿಧಾನ ಬೇಡ. ಕೆಡುಕು ಯಾಕಿದೆ ಎಂಬುದಕ್ಕೆ ಯಾವ ಅವಸರದ ಉತ್ತರವೂ ಸಾಲದು ಎಂದು ಧರ್ಮೋಪದೇಶ ಗ್ರಂಥವೇ ಒಪ್ಪಿಕೊಳ್ಳುತ್ತದೆ. ಅಂಥವರ ಮುಂದೆ ದೇವರ ಚಿತ್ತ ಎಂದು ಹೇಳಿ ಎದ್ದು ಹೋಗುವುದಕ್ಕಿಂತ ಸುಮ್ಮನೆ ಕೂರುವುದು ಮೇಲು. ಓದಲು ಮನಸ್ಸಾದರೆ ಕೀರ್ತನೆಗಳು 13, 22 ಮತ್ತು 88. ಇನ್ನೆಷ್ಟು ಕಾಲ, ಯಾಕೆ ಕೈಬಿಟ್ಟೆ ಎಂದು ದೇವರನ್ನೇ ಕೇಳುವ ಪ್ರಾರ್ಥನೆಗಳಿವು. 88ನೆಯದಂತೂ ಕತ್ತಲಲ್ಲೇ ಮುಗಿಯುತ್ತದೆ. ದೂರುವುದೂ ಪ್ರಾರ್ಥನೆಯೇ ಎಂಬುದಕ್ಕೆ ಬೇರೆ ಪ್ರಮಾಣ ಬೇಕಿಲ್ಲ.

ಪ್ರಾರ್ಥನೆ ಬತ್ತಿದಾಗ

ತುಂಗಭದ್ರಾ ಎಡದಂಡೆ ನಾಲೆ ಮುನಿರಾಬಾದಿನಿಂದ ಹೊರಟು ರಾಯಚೂರು ಜಿಲ್ಲೆಯ ಕೊನೆಭಾಗ ಮುಟ್ಟುವಷ್ಟರಲ್ಲಿ ಇನ್ನೂರು ಕಿಲೋಮೀಟರಿಗೂ ಹೆಚ್ಚು ದೂರ ಹರಿದಿರುತ್ತದೆ. ಕೊನೆಭಾಗದ ರೈತನ ಹೊಲಕ್ಕೆ ನೀರು ಬರಲಿಲ್ಲವೆಂದರೆ ಕಾರಣ ಮೂರರಲ್ಲಿ ಒಂದಿರಬಹುದು. ಅವನೇ ಹೊಲಗಾಲುವೆಯ ಹೂಳು ತೆಗೆದಿರಲಿಕ್ಕಿಲ್ಲ. ಸರದಿ ಪ್ರಕಾರ ಮೇಲಿನಿಂದ ನೀರು ನಿಲ್ಲಿಸಿರಬಹುದು. ಮಳೆಯೇ ಆಗದೆ ಜಲಾಶಯ ತುಂಬದಿರಬಹುದು, ನೀರು ತನ್ನ ಸ್ವತ್ತಲ್ಲ ಎಂದು ಅವನಿಗೆ ಆಗ ಗೊತ್ತಾಗುತ್ತದೆ. ಯೇಸುಸಭೆಯನ್ನು (ಜೆಸ್ವಿಟ್) ಕಟ್ಟಿದ ಲೊಯೋಲಾದ ಸಂತ ಇಗ್ನಾಸಿಯವರು ಆಧ್ಯಾತ್ಮಿಕ ಬರಡುತನಕ್ಕೆ ಕೊಡುವ ಕಾರಣಗಳೂ ಹೆಚ್ಚುಕಡಿಮೆ ಇವೇ ಮೂರು: ನಮ್ಮ ಆಲಸ್ಯ, ಪ್ರತಿಫಲದ ಸವಿ ಇಲ್ಲದಾಗ ನಾವು ಎಷ್ಟು ದೂರ ನಡೆಯುತ್ತೇವೆಂಬ ಪರೀಕ್ಷೆ, ಭಕ್ತಿಯ ಸವಿ ನಮ್ಮ ಗಳಿಕೆಯಲ್ಲ, ಕೊಡುಗೆ ಎಂಬ ಪಾಠ.

1548ರಲ್ಲಿ ಪೋಪರ ಅನುಮೋದನೆ ಪಡೆದ ಅವರ ಧ್ಯಾನಸಾಧನೆಯ ಕೈಪಿಡಿಯಲ್ಲಿ ಇದಕ್ಕೆ ನಿಯಮಗಳಿವೆ. ಎಲ್ಲಕ್ಕಿಂತ ಮುಖ್ಯವಾದದ್ದು ಐದನೆಯದು: ಬರಡುತನದ ಕಾಲದಲ್ಲಿ ಹಿಂದೆ ಮಾಡಿದ ಒಳ್ಳೆಯ ನಿರ್ಧಾರವನ್ನು ಬದಲಿಸಬೇಡ. ಭಾನುವಾರದ ಪೂಜೆ ಬಿಡುವುದು, ಗಾಯನ ಮಂಡಳಿಯಿಂದ ಹೊರಬರುವುದು, ಮಗುವಿನ ಪ್ರಥಮ ಪರಮಪ್ರಸಾದ ಮುಂದೂಡುವುದು, ಇಂಥ ತೀರ್ಮಾನ ಯಾವುದೂ ಆ ದಿನಗಳಲ್ಲಿ ಬೇಡ. ಮನಸ್ಸು ತಿಳಿಯಾದ ಮೇಲೂ ಅದೇ ಸರಿ ಎನ್ನಿಸಿದರೆ ಆಗ ನೋಡಿಕೊಳ್ಳಬಹುದು. ಇನ್ನೊಂದು ಸೂಚನೆ, ಗೊತ್ತುಮಾಡಿಕೊಂಡ ಪ್ರಾರ್ಥನೆಯ ಹೊತ್ತಿಗಿಂತ ಸ್ವಲ್ಪ ಹೆಚ್ಚೇ ಕೂರಬೇಕು ಎಂಬುದು. ಹದಿನೈದು ನಿಮಿಷವಾದರೆ ಹದಿನಾರು. ಎದ್ದುಬಿಡು ಎನ್ನುವ ಒತ್ತಡಕ್ಕೆ ವಿರುದ್ಧವಾಗಿ ಒಂದು ನಿಮಿಷ ಕೂತರೂ ಮರುದಿನ ಆ ಒತ್ತಡಕ್ಕೆ ಅಷ್ಟು ಜೋರಿರುವುದಿಲ್ಲ.

ಬರಡುತನ ಆಲಸ್ಯದಿಂದ ಬಂದದ್ದೋ ದೇವರಿಂದ ಬಂದದ್ದೋ ಎಂದು ತಿಳಿಯಲು ಸ್ಪೇನಿನ ಕಾರ್ಮೆಲ್ ಸಭೆಯ ಸಂತ ಶಿಲುಬೆಯ ಯೊವಾನ್ನರು (1542–1591) ಮೂರು ಗುರುತು ಕೊಟ್ಟಿದ್ದಾರೆ. ದೇವರ ವಿಷಯದಲ್ಲೂ ರುಚಿ ಇಲ್ಲ, ಲೋಕದ ವಿಷಯದಲ್ಲೂ ಇಲ್ಲ. ಅಷ್ಟಾದರೂ ನಾನು ದೇವರಿಗೆ ಸರಿಯಾಗಿ ನಡೆದುಕೊಳ್ಳುತ್ತಿಲ್ಲವಲ್ಲ ಎಂಬ ಕಳವಳ ಒಳಗೆ ಕಾಡುತ್ತಿರುತ್ತದೆ. ಮೊದಲಿನಂತೆ ಕಲ್ಪಿಸಿಕೊಂಡು ಧ್ಯಾನಿಸಲು ಪ್ರಯತ್ನಿಸಿದರೂ ಆಗುವುದಿಲ್ಲ. ಮೂರೂ ಒಟ್ಟಿಗೆ ಇರಬೇಕು. ಪ್ರಾರ್ಥನೆ ಬೇಜಾರು, ಆದರೆ ರೀಲ್ಸ್ ನೋಡುತ್ತಾ ಎರಡು ಗಂಟೆ ಕಳೆಯಲು ಬೇಜಾರಿಲ್ಲ ಎಂದಾದರೆ ಅದು ಹೂಳಿನ ಸಮಸ್ಯೆ. ಆ ಕಳವಳವೇ ಇಲ್ಲದಿದ್ದರೂ ಹಾಗೆಯೇ.

ಕೋಲ್ಕತ್ತದ ಸಂತ ಮದರ್ ತೆರೇಸಾ ಅವರ ಪತ್ರಗಳು 2007ರಲ್ಲಿ ಪ್ರಕಟವಾದಾಗ ಅನೇಕರು ಬೆಚ್ಚಿದ್ದು ಇದಕ್ಕೇ. ಸುಮಾರು ಐವತ್ತು ವರ್ಷ, 1958ರ ಕೆಲವು ವಾರಗಳನ್ನು ಬಿಟ್ಟರೆ, ದೇವರ ಸಾನ್ನಿಧ್ಯದ ಅನುಭವವೇ ಅವರಿಗೆ ಇರಲಿಲ್ಲ. ಪೂಜೆ, ಪ್ರಾರ್ಥನೆ, ರೋಗಿಗಳ ಸೇವೆ ಯಾವುದೂ ನಿಲ್ಲಲಿಲ್ಲ. ಪುಣೆಯಲ್ಲಿ ದೈವಶಾಸ್ತ್ರ ಕಲಿಸುತ್ತಿದ್ದ ಯೇಸುಸಭೆಯ ಗುರು ಜೋಸೆಫ್ ನೊಯ್ನರ್ 1961ರಲ್ಲಿ, ಇದು ನಿಮ್ಮ ತಪ್ಪಿನಿಂದ ಬಂದದ್ದಲ್ಲ, ನೀವು ಮಾಡುತ್ತಿರುವ ಸೇವೆಯದೇ ಭಾಗ ಎಂದು ತಿಳಿಹೇಳಿದ ಮೇಲೆ ಅವರು ಆ ಕತ್ತಲನ್ನು ಒಪ್ಪಿಕೊಂಡರು. ಕತ್ತಲು ಹೋಗಲಿಲ್ಲ. ಅದನ್ನು ಅರ್ಥಮಾಡಿಕೊಳ್ಳುವ ರೀತಿ ಬದಲಾಯಿತು.

ದಿನಕ್ಕೆ ಇಪ್ಪತ್ತೈದು ನಿಮಿಷ

ಬೆಳಗ್ಗೆ ಹದಿನೈದು, ರಾತ್ರಿ ಹತ್ತು. ಮೊದಲ ವಾರವೇ ಒಂದು ಗಂಟೆ ಎಂದು ಹಟ ಹಿಡಿದವರು ಎರಡನೆಯ ವಾರ ಕೂರುವುದೇ ಇಲ್ಲ. ಮೂರು ಪಾಳಿಯಲ್ಲಿ ದುಡಿಯುವವರು ಗಡಿಯಾರದ ಹೊತ್ತನ್ನು ನಂಬದೆ, ಎದ್ದ ಮೇಲೆ ಮತ್ತು ಮಲಗುವ ಮುಂಚೆ ಎಂದು ಇಟ್ಟುಕೊಂಡರೆ ನಡೆಯುತ್ತದೆ.

ಬೆಳಗಿನ ಓದಿಗೆ ಮಾರ್ಕರ ಶುಭಸಂದೇಶ ತಕ್ಕದ್ದು. ನಾಲ್ಕರಲ್ಲಿ ಅದೇ ಚಿಕ್ಕದು, 16 ಅಧ್ಯಾಯ. ದಿನಕ್ಕೆ ಹತ್ತು ಹನ್ನೆರಡು ವಚನ ಓದಿದರೆ ಎರಡು ತಿಂಗಳ ಆಸುಪಾಸಿನಲ್ಲಿ ಮುಗಿಯುತ್ತದೆ. ಮೊದಲ ಸಲ ಮೆಲ್ಲಗೆ, ತುಟಿ ಅಲುಗುವಂತೆ ಓದಿ. ಎರಡನೆಯ ಸಲ ಓದುವಾಗ ತಡೆದು ನಿಲ್ಲಿಸಿದ ಮಾತು ಯಾವುದೋ ಅದನ್ನೇ ಮನಸ್ಸಿನಲ್ಲಿ ತಿರುವಿಹಾಕಿ. ಆಮೇಲೆ ಅದರ ಬಗ್ಗೆ ದೇವರ ಜೊತೆ ಮಾತಾಡಿ: ಒಪ್ಪಿಗೆಯಾದರೆ ಒಪ್ಪಿಗೆ, ಇದನ್ನು ನಂಬಲಾಗುತ್ತಿಲ್ಲ ಎಂದಾದರೆ ಅದನ್ನೇ. ಕೊನೆಯ ಎರಡು ಮೂರು ನಿಮಿಷ ಏನೂ ಹೇಳದೆ ಕೂರಿ. ಹನ್ನೆರಡನೆಯ ಶತಮಾನದ ಸನ್ಯಾಸಿ ಎರಡನೆಯ ಗೀಗೋ ಇದೇ ನಾಲ್ಕು ಮೆಟ್ಟಿಲುಗಳನ್ನು ಬರೆದಿಟ್ಟಿದ್ದಾನೆ.

ರಾತ್ರಿಯದು ಇಗ್ನಾಸಿಯವರ ಆತ್ಮಶೋಧನೆ. ದಿನದಲ್ಲಿ ಸಿಕ್ಕಿದ್ದಕ್ಕೆ ಕೃತಜ್ಞತೆ, ಬೆಳಕಿಗಾಗಿ ಬೇಡಿಕೆ, ಬೆಳಗಿನಿಂದ ರಾತ್ರಿಯವರೆಗಿನ ಮರುನೋಟ, ತಪ್ಪಿದ್ದಕ್ಕೆ ಕ್ಷಮೆ, ನಾಳೆಗೆ ಒಂದು ನಿಶ್ಚಯ. ಸಂಶಯದಲ್ಲಿರುವವರಿಗೆ ಮರುನೋಟದಲ್ಲಿ ಒಂದು ಹೆಚ್ಚಿನ ಕೆಲಸ: ಇವತ್ತು ಮನಸ್ಸು ದೇವರ ಕಡೆ ಯಾವಾಗ ವಾಲಿತು, ಯಾವಾಗ ದೂರ ಸರಿಯಿತು ಎಂದು ನೋಟ್‌ಬುಕ್ಕಿನಲ್ಲಿ ಒಂದೊಂದು ಸಾಲು. ಒಂದು ತಿಂಗಳ ಸಾಲುಗಳನ್ನು ಒಟ್ಟಿಗೆ ಓದಿದಾಗ ಸಂಶಯ ಸುಸ್ತಾದ ರಾತ್ರಿಗಳಲ್ಲಷ್ಟೇ ಬರುತ್ತದೋ, ಒಬ್ಬರ ಜೊತೆ ಜಗಳವಾಡಿದ ದಿನ ಬರುತ್ತದೋ ಕಾಣುತ್ತದೆ.

ಇದೆಲ್ಲ ಒಬ್ಬರೇ ಕೂತು ಮಾಡುವುದು. ಭಾನುವಾರದ ಬಲಿಪೂಜೆ ಇದರ ಹೊರಗಿನದಲ್ಲ, ಬುಡವೇ ಅದು. ನಂಬಿಕೆ ಅರ್ಧವಿರುವಾಗ, ಪೂಜೆಯಲ್ಲಿ ಎಲ್ಲರೂ ಒಟ್ಟಾಗಿ ನಂಬುತ್ತೇನೆ ಎಂದು ಸಾರುವ ವಿಶ್ವಾಸ ಪ್ರಮಾಣ ಹೇಳುವುದು ಬೂಟಾಟಿಕೆಯಲ್ಲವೇ ಎಂದು ಕೇಳುವವರಿದ್ದಾರೆ. ಅಲ್ಲ. ಅದು ಧರ್ಮಸಭೆಯ ವಿಶ್ವಾಸ, ಅದರೊಳಗೆ ನಿಂತು ನಾವು ದನಿಗೂಡಿಸುತ್ತೇವೆ. ತೋಮ ಸಂಶಯಪಟ್ಟ ಎಂಟು ದಿನವೂ ಗುಂಪನ್ನು ಬಿಟ್ಟು ಹೋಗಲಿಲ್ಲ. ಯೇಸು ಮತ್ತೆ ಬಂದಾಗ ಅವನು ಉಳಿದವರ ಜೊತೆಗೇ ಇದ್ದ. ಅವನು ಗಾಯದಲ್ಲಿ ನಿಜಕ್ಕೂ ಬೆರಳಿಟ್ಟನೆಂದು ಶುಭಸಂದೇಶ ಹೇಳುವುದಿಲ್ಲ ಎಂಬುದನ್ನೂ ಗಮನಿಸಿ. ನನ್ನ ಪ್ರಭುವೇ, ನನ್ನ ದೇವರೇ ಎಂದಷ್ಟೇ ಹೇಳಿದ.

ಎಡವುವ ಜಾಗಗಳು

ಷರತ್ತು ಹಾಕುವುದು ಮೊದಲನೆಯದು. ಈ ಸಲ ಕೆಲಸ ಸಿಕ್ಕರೆ ನಂಬುತ್ತೇನೆ ಎಂಬ ಮಾತನ್ನು ಹರಕೆ ಎಂದುಕೊಳ್ಳಬಾರದು. ಹರಕೆ ದೇವರಿಗೆ ಸ್ವಇಚ್ಛೆಯಿಂದ ಕೊಡುವ ಮಾತು, ಇದು ದೇವರನ್ನು ಪರೀಕ್ಷಿಸುವುದು. ಕೆಲಸ ಸಿಗದಿದ್ದರೆ ಸಂಶಯ ಇಮ್ಮಡಿಯಾಗುತ್ತದೆ, ಸಿಕ್ಕರೂ ಮುಂದಿನ ಷರತ್ತಿನವರೆಗಷ್ಟೇ ವಿಶ್ವಾಸ ಬಾಳುತ್ತದೆ. ಒಂಬತ್ತು ಜನರಿಗೆ ಕಳಿಸದಿದ್ದರೆ ಕೆಡುಕಾಗುತ್ತದೆ ಎನ್ನುವ ವಾಟ್ಸಾಪ್ ಪ್ರಾರ್ಥನೆಗಳನ್ನು ಅಳಿಸಿಹಾಕಿ. ಒಂಬತ್ತು ದಿನದ ಪ್ರಾರ್ಥನೆಯಾದ ನವೇನಕ್ಕೂ ಅದಕ್ಕೂ ಸಂಬಂಧವಿಲ್ಲ, ಅದು ಶುದ್ಧ ಮೂಢನಂಬಿಕೆ.

ವಾಸಿಯಾಗಲಿಲ್ಲ ಎಂದರೆ ನಿಮಗೆ ವಿಶ್ವಾಸ ಸಾಲದು ಎನ್ನುವ ಪ್ರಾರ್ಥನಾ ಕೂಟಗಳಿಂದಲೂ ದೂರವಿರುವುದು ಒಳ್ಳೆಯದು. ಕಥೋಲಿಕ ಬೋಧನೆಯಲ್ಲಿ ಕಾಯಿಲೆ ವಿಶ್ವಾಸದ ಅಳತೆಗೋಲಲ್ಲ. ರೋಗಿಗಳಿಗೆ ಪವಿತ್ರ ತೈಲ ಹಚ್ಚುವ ಅಭ್ಯಂಗ ಸಂಸ್ಕಾರವಿರುವುದು ಕಾಯಿಲೆಯಲ್ಲಿ ಬಲ, ಸಮಾಧಾನ ಕೊಡಲಿಕ್ಕೆ. ಅದರ ಜೊತೆಗೆ ಔಷಧಿ ಬಿಡಬೇಕೆಂದು ಯಾರೂ ಹೇಳಿಲ್ಲ.

ಯಾರ ಹತ್ತಿರ ಹೋಗುವುದು?

ಸಂಶಯ ಗುಟ್ಟಾಗಿರುವಷ್ಟು ದಿನ ಬೆಳೆಯುತ್ತದೆ, ತಿಳಿದವರೊಬ್ಬರ ಮುಂದೆ ಬಾಯಿಬಿಟ್ಟಾಗ ಅರ್ಧ ಬಲ ಕಳೆದುಕೊಳ್ಳುತ್ತದೆ ಎಂಬುದು ಇಗ್ನಾಸಿಯವರ ಹದಿಮೂರನೆಯ ನಿಯಮದ ತಿರುಳು. ನಿಮ್ಮ ಧರ್ಮಕೇಂದ್ರದ (ಪ್ಯಾರಿಷ್) ಗುರುಗಳು ಮೊದಲ ಆಯ್ಕೆ. ಆದರೆ ಪೂಜೆಗೆ ಮುಂಚಿನ ಪಾಪನಿವೇದನೆಯ ಸಾಲಿನಲ್ಲಿ ಹಿಂದೆ ಹತ್ತು ಜನ ನಿಂತಿರುವಾಗ ಇದನ್ನು ಶುರುಮಾಡಬೇಡಿ. ಫಾದರ್, ಅರ್ಧ ಗಂಟೆ ಬೇಕು, ಯಾವಾಗ ಬರಲಿ ಎಂದು ಮೊದಲೇ ಕೇಳಿ. ವಾರದ ನಡುವಿನ ದಿನ ಆದರೆ ಅವರಿಗೂ ಪುರುಸೊತ್ತು. ಪಾಪನಿವೇದನೆಯಲ್ಲಿ ಹೇಳಿದ್ದನ್ನು ಗುರುಗಳು ಯಾವ ಕಾರಣಕ್ಕೂ ಹೊರಗೆಡಹುವಂತಿಲ್ಲ, ಇದು ಧರ್ಮಸಭೆಯ ಕಾನೂನು. ಊರಿನ ಗುರುಗಳ ಹತ್ತಿರ ಮುಜುಗರವಾದರೆ ಪಕ್ಕದ ಊರಿಗೆ ಹೋಗಬಹುದು. ಆಧ್ಯಾತ್ಮಿಕ ಮಾರ್ಗದರ್ಶನಕ್ಕೆ ಗುರುಗಳೇ ಆಗಬೇಕೆಂದೂ ಇಲ್ಲ, ತರಬೇತಿ ಇರುವ ಸಿಸ್ಟರ್ ಆಗಬಹುದು, ಧರ್ಮೋಪದೇಶಕರಾಗಬಹುದು. ತಿಂಗಳಿಗೊಮ್ಮೆ ಸಾಕು.

ಒಂದು ಗುಂಪಿನವರಿಗೆ ಸಲಹೆ ಪೂರ್ತಿ ಬೇರೆ. ಪ್ರತಿ ಹಾದುಹೋಗುವ ಯೋಚನೆಯನ್ನೂ ಪಾಪವೆಂದು ಎಣಿಸಿ, ನಿವೇದಿಸಿದ್ದನ್ನೇ ಮತ್ತೆ ಮತ್ತೆ ನಿವೇದಿಸುವವರು ಇವರು. ಇವರು ಒಬ್ಬರೇ ಗುರುಗಳನ್ನು ಇಟ್ಟುಕೊಂಡು, ಅವರು ಸಾಕು ಎಂದರೆ ಸಾಕು ಎಂದು ನಡೆಯಬೇಕು. ಊರೂರು ತಿರುಗಿ ಅಭಿಪ್ರಾಯ ಕೇಳಿದಷ್ಟೂ ಕಾಯಿಲೆ ಹೆಚ್ಚು.

ವಾರಗಟ್ಟಲೆ ನಿದ್ದೆ ಇಲ್ಲ, ಊಟ ಸೇರುವುದಿಲ್ಲ, ಯಾವುದರಲ್ಲೂ ಆಸಕ್ತಿ ಇಲ್ಲ, ಸಾಯುವ ಯೋಚನೆ ಬರುತ್ತದೆ ಎಂದರೆ ಅದನ್ನು ವಿಶ್ವಾಸದ ಕತ್ತಲೆಂದು ಹೆಸರಿಡಬೇಡಿ. ಮನೋವ್ಯಾಧಿಯಿಂದಲೂ ಪ್ರಾರ್ಥನೆ ಬತ್ತಬಹುದೆಂದು ಶಿಲುಬೆಯ ಯೊವಾನ್ನರೇ ಗುರುತಿಸಿದ್ದರು. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಕಡೆ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳಿವೆ, ಮನೋವೈದ್ಯರನ್ನು ಕಾಣಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ದಿನದ ಯಾವ ಹೊತ್ತಿನಲ್ಲೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಮಾತ್ರೆ ನುಂಗುತ್ತಲೇ ಜಪಸರ ಹಿಡಿಯಲು ಯಾವ ಅಡ್ಡಿಯೂ ಇಲ್ಲ. ಗುರುಗಳನ್ನು ಕಾಣುವಾಗ ವೈದ್ಯರು ಹೇಳಿದ್ದನ್ನು ಅವರಿಗೂ ತಿಳಿಸಿ. ಉಪವಾಸ, ರಾತ್ರಿ ಜಾಗರಣೆಗಳಿಂದ ನಿಮಗೆ ವಿನಾಯಿತಿ ಕೊಡಬೇಕೇ ಎಂದು ಅವರು ಅದನ್ನು ನೋಡಿಯೇ ಹೇಳಬೇಕಾಗುತ್ತದೆ.